ನಾಲ್ಕು ಗೀಟು

ಫೆಬ್ರವರಿ ೩, ಮಂಗಳವಾರ

ಹೆದರಿಕೆಯಾಗುತ್ತಿದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಭಾವ ನನ್ನನ್ನೇ ಸಮಾಧಾನ ಮಾಡುತ್ತಾ ಕೂರುತ್ತಾರೆ. ಸಮಾಧಾನ ಬೇಕಾಗಿರುವುದು ಅವರಿಗೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಗಂಟಲಿನ ಗಂಟು ಕೆಟ್ಟದ್ದೇ ಎಂದು ಇವತ್ತು ಖಾತ್ರಿಯಾಯಿತು. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕಂತೆ, ಅದೂ ಬರುವ ವಾರವೇ. ಕತ್ತಿನಲ್ಲಿ ಒಂದು ತೂತು ಮಾಡಿ ಉಸಿರಾಟಕ್ಕೆ ದಾರಿ ಬಿಡುತ್ತಾರೆ. ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಸರ್ಜನ್ ಇದನ್ನೆಲ್ಲ ಹೇಳುವಾಗ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ನನ್ನ ಕಿವಿಗೆ ಬಿದ್ದದ್ದು ಆ ಟಕ್ ಟಕ್ ಮಾತ್ರ. ಉಳಿದದ್ದನ್ನು ಭಾವ ಕಾರಿನಲ್ಲಿ ಮತ್ತೊಮ್ಮೆ ಹೇಳಿದರು.

ಅಕ್ಕ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಅವಳು ಬಾಯಿ ತೆರೆದರೆ ಪಕ್ಕದ ರಸ್ತೆಯಲ್ಲಿ ಹೋಗುವವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅವಳು ಸರ್ಜನ್‌ಗೆ ಕೇಳಿದ್ದು ಒಂದೇ ಪ್ರಶ್ನೆ, ಆ ತೂತಿನೊಳಗೆ ನೀರು ಹೋದರೆ ಏನಾಗುತ್ತದೆ ಎಂದು. ಹೋಗಲೇಬಾರದು, ಇನ್ನು ಮುಂದೆ ನೀರಿಗಿಳಿಯುವ ಹಾಗಿಲ್ಲ ಎಂದರು. ಸರಿ ಬಿಡಿ, ದಡದಲ್ಲೇ ನಿಂತು ಕಲಿಸ್ತೀನಿ ಅಂದಳು. ದಡದಲ್ಲಿ ನಿಂತವಳು ಯಾವ ದನಿಯಲ್ಲಿ ಕಲಿಸುತ್ತಾಳೆ ಎಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ನಾನಂತೂ ನೆಲ ನೋಡುತ್ತಿದ್ದೆ.

ಫೆಬ್ರವರಿ ೫, ಗುರುವಾರ

ಒಂದು ಆಸೆ ಹುಟ್ಟಿದೆ. ನಮ್ಮ ಆಸ್ಪತ್ರೆಯ ಸ್ಪೀಚ್ ಮೇಡಂ, ಮಾತು ಕಳೆದುಕೊಂಡವರಿಗೆ ತರಬೇತಿ ಕೊಡುವವರು, ಇತ್ತೀಚೆಗೆ ದನಿ ಕೂಡಿಡುವ ಕೆಲಸ ಶುರುಮಾಡಿದ್ದಾರೆ. ಆಪರೇಷನ್‌ಗೆ ಮುಂಚೆ ರೋಗಿಯಿಂದ ನೂರಾರು ವಾಕ್ಯ ಓದಿಸಿ ರೆಕಾರ್ಡ್ ಮಾಡಿಕೊಳ್ಳುವುದು, ಆಮೇಲೆ ಒಂದು ಪುಟ್ಟ ಯಂತ್ರದಲ್ಲಿ ಏನು ಟೈಪ್ ಮಾಡಿದರೂ ಅದು ಅವರದೇ ದನಿಯಲ್ಲಿ ಮಾತಾಡುವ ಹಾಗೆ ಮಾಡುವುದು. ಇದೇ ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾನು. ಆ ಕೋಣೆಗೆ ತಂತಿ ಎಳೆಸಿ, ಬ್ಯಾಕಪ್ ಹಾಕಿಕೊಟ್ಟವಳೂ ನಾನೇ. ನಮ್ಮ ಮನೆಗೇ ಅದು ಬೇಕಾಗುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ ಓದಿದಳು. 'ಕಿಟಕಿ ಮುಚ್ಚಿ', 'ನನಗೆ ಚಳಿಯಾಗುತ್ತಿದೆ', 'ಅವರು ನಾಳೆ ಬರುತ್ತಾರಂತೆ'. ಗಂಟಲು ಆಗಲೇ ಒಡೆದಿದ್ದರೂ ಅವಳದ್ದೇ ದನಿ. ನಡುನಡುವೆ ಈ ವಾಕ್ಯ ಬರೆದ ಪುಣ್ಯಾತ್ಮ ಯಾರು, ಜೀವನದಲ್ಲಿ ಒಮ್ಮೆಯಾದರೂ ಜಗಳ ಆಡಿದ್ದಾನಾ ಎಂದು ಕೇಳಿ ಮೇಡಂ ಅವರನ್ನು ನಗಿಸಿದಳು. ನನಗೆ ನಗು ಬರಲಿಲ್ಲ. ಒಂದೊಂದು ವಾಕ್ಯ ಮುಗಿದಾಗಲೂ ಇನ್ನೊಂದು ಕಡಿಮೆಯಾಯಿತಲ್ಲ ಎನಿಸುತ್ತಿತ್ತು.

ಫೈಲಿಗೆ ರೋಗಿಯ ಹೆಸರು ಇಡುವ ಹಾಗಿಲ್ಲ. ಯಾರದೋ ಕೈಗೆ ಸಿಕ್ಕರೂ ಗುರುತು ಸಿಗಬಾರದಂತೆ. ಮನೆಯವರು ಏನೆಂದು ಕರೆಯುತ್ತಾರೋ ಅದನ್ನೇ ಕನ್ನಡದಲ್ಲಿ ಹಾಕಿ ಎಂದರು ಮೇಡಂ. ನಾನು 'ಅಕ್ಕ' ಎಂದು ಟೈಪ್ ಮಾಡಿದೆ. ಅವಳಿಗೆ ಬೇರೆ ಹೆಸರೊಂದು ಇದೆ ಎನ್ನುವುದೇ ನನಗೆ ಆಗಾಗ ಮರೆತುಹೋಗುತ್ತದೆ.

ಫೆಬ್ರವರಿ ೧೨, ಗುರುವಾರ

ಅಕ್ಕನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋದರು. ಬಾಗಿಲ ಹತ್ತಿರ ಏನಾದರೂ ಹೇಳುತ್ತಾಳೆ ಎಂದು ನಾನೂ ಭಾವನೂ ಕಾದು ನಿಂತಿದ್ದೆವು. "ನನ್ನ ಚಪ್ಪಲಿ ತೆಗೆದಿಡು, ಯಾರಾದ್ರೂ ಹಾಕ್ಕೊಂಡು ಹೋಗ್ತಾರೆ" ಅಂದಳು.

ಅಷ್ಟೇ. ಚಪ್ಪಲಿ ನನ್ನ ಚೀಲದಲ್ಲಿದೆ.

ಫೆಬ್ರವರಿ ೧೪, ಶನಿವಾರ

ಆಪರೇಷನ್ ಚೆನ್ನಾಗಿ ಆಗಿದೆಯಂತೆ. ಗಂಟು ಪೂರ್ತಿ ಬಂದಿದೆಯಂತೆ. ಎಲ್ಲರೂ ನನ್ನ ಬೆನ್ನು ತಟ್ಟಿದರು.

ನನಗೆ ಅವಳ ಕತ್ತಿನ ಕಡೆ ನೋಡಲಾಗಲಿಲ್ಲ. ಉಸಿರು ಅಲ್ಲಿಂದ ಬರುತ್ತದೆ, ಕೆಮ್ಮೂ ಅಲ್ಲಿಂದಲೇ ಬರುತ್ತದೆ. ಮೂಗಿನಲ್ಲಿ ಆಹಾರದ ನಳಿಕೆ. ಅಕ್ಕ ನನ್ನನ್ನು ನೋಡಿ ತುಟಿ ಅಲ್ಲಾಡಿಸಿದಳು. ಅರ್ಥವಾಗಲಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದಳು, ಆಗಲೂ ಇಲ್ಲ. ಮೂರನೆಯ ಸಲಕ್ಕೆ ನಾನು ಸುಮ್ಮನೆ ತಲೆಯಾಡಿಸಿದೆ. ಅವಳಿಗೆ ಗೊತ್ತಾಗಿಹೋಯಿತು, ಕಣ್ಣು ಮುಚ್ಚಿಕೊಂಡಳು. ಸರ್ವರ್ ನೋಡಬೇಕು ಎಂದು ಭಾವನಿಗೆ ಹೇಳಿ ಕೆಳಗಿನ ನನ್ನ ಕೋಣೆಗೆ ಓಡಿಬಂದೆ. ಸರ್ವರ್‌ಗೆ ಏನೂ ಆಗಿರಲಿಲ್ಲ. ಅದರ ಮುಂದೆ ಕೂತು ಅತ್ತೆ.

ಫೆಬ್ರವರಿ ೧೯, ಗುರುವಾರ

ಅಕ್ಕನಿಗೆ ಅಳಿಸಿ ಬರೆಯುವ ಹಲಗೆ ಕೊಟ್ಟಿದ್ದಾರೆ. ಅವಳ ಅಕ್ಷರ ಮೊದಲಿಂದಲೂ ಕೋಳಿಕಾಲು, ಈಗ ಮಲಗಿಕೊಂಡು ಬೇರೆ ಬರೆಯಬೇಕು. 'ದಿಂಬು' ಎಂದು ಬರೆದದ್ದನ್ನು ನಾನು 'ಡಬ್ಬಿ' ಎಂದು ಓದಿ ಡಬ್ಬಿ ತಂದೆ. ಹಲಗೆಯನ್ನು ನನ್ನ ಮೇಲೆ ಎಸೆದಳು. ನರ್ಸಮ್ಮ ಓಡಿಬಂದರು. ಆಮೇಲೆ 'ಸಾರಿ ಪುಕ್ಕಲಿ' ಎಂದು ಬರೆದಳು. ಚಿಕ್ಕಂದಿನಿಂದ ಅವಳು ನನ್ನನ್ನು ಕರೆಯುವುದೇ ಹಾಗೆ. ಬರೆದದ್ದನ್ನು ನೋಡಿದ್ದು ಇದೇ ಮೊದಲು, ಬೇರೆ ಯಾರೋ ಕರೆದ ಹಾಗಿತ್ತು.

ಇನ್ನು ಕೆಲವು ವಾರ ಹಲ್ಲು ಕಚ್ಚಿಕೊಂಡಿರಿ, ಯಂತ್ರ ಸಿದ್ಧವಾಗುತ್ತದೆ, ಅವರದೇ ದನಿ ಬರುತ್ತದೆ ಎಂದರು ಸ್ಪೀಚ್ ಮೇಡಂ. ಆ ಒಂದು ಮಾತನ್ನು ಹಿಡಿದುಕೊಂಡು ದಿನ ದೂಡುತ್ತಿದ್ದೇನೆ.

ಫೆಬ್ರವರಿ ೨೩, ಸೋಮವಾರ

ಇವತ್ತು ಅಕ್ಷರ ನನ್ನದೂ ಕೋಳಿಕಾಲಾಗಿದೆ.

ಬೆಳಿಗ್ಗೆ ಸ್ಪೀಚ್ ಮೇಡಂ ಫೋನ್ ಮಾಡಿ, ರೆಕಾರ್ಡಿಂಗ್ ಕಂಪ್ಯೂಟರ್ ಕರಕರ ಎನ್ನುತ್ತಿದೆ, ತೆರೆಯುತ್ತಿಲ್ಲ ಎಂದರು. ಹೋಗಿ ನೋಡಿದೆ. ಡಿಸ್ಕ್ ಸತ್ತಿದೆ. ಅವರೇನೂ ಗಾಬರಿಯಾಗಲಿಲ್ಲ. ನೀವು ಬ್ಯಾಕಪ್ ಹಾಕಿದ್ದೀರಲ್ಲ ಎಂದು ನಕ್ಕರು. ನಾನೂ ನಕ್ಕೆ. ದಿನಾ ಸಂಜೆ 'ಎಲ್ಲ ಫೈಲು ಯಶಸ್ವಿಯಾಗಿ ನಕಲಾಗಿವೆ' ಎಂಬ ಸಂದೇಶ ನನಗೆ ಬರುತ್ತಲೇ ಇತ್ತು.

ಕೆಳಗೆ ಬಂದು ಬ್ಯಾಕಪ್ ಪೆಟ್ಟಿಗೆಯಲ್ಲಿ ಆ ಫೋಲ್ಡರ್ ತೆರೆದೆ. ಹತ್ತು ದನಿ ಇರಬೇಕಿತ್ತು. ಇದ್ದದ್ದು ಮೂರು ಫೈಲು. ಹೆಸರಿನ ಜಾಗದಲ್ಲಿ ಅಕ್ಷರವೇ ಇಲ್ಲ, ಬರೀ ಅಡ್ಡಗೀಟು. ಒಂದಕ್ಕೆ ನಾಲ್ಕು ಗೀಟು, ಇನ್ನೊಂದಕ್ಕೆ ಐದು, ಮತ್ತೊಂದಕ್ಕೆ ಎಂಟು.

ಫೋಲ್ಡರ್ ಮುಚ್ಚಿ ಮತ್ತೆ ತೆರೆದೆ. ಮೂರೇ.

ನಾಲ್ಕು ಗೀಟಿನದ್ದನ್ನು ಹಾಕಿ ಕೇಳಿದೆ. ಯಾರೋ ಹುಡುಗಿ 'ಕಿಟಕಿ ಮುಚ್ಚಿ' ಎಂದಳು. ಅಕ್ಕ ಅಲ್ಲ.

ಫೆಬ್ರವರಿ ೨೪, ಮಂಗಳವಾರ

ಏನಾಗಿದೆ ಎಂದು ತಿಳಿಯಿತು. ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು.

ಆ ಬ್ಯಾಕಪ್ ಪ್ರೋಗ್ರಾಮಿಗೆ ನಮ್ಮ ಅಕ್ಷರ ಗೊತ್ತಿಲ್ಲ. ಗೊತ್ತಿಲ್ಲದ ಪ್ರತಿಯೊಂದು ಅಕ್ಷರದ ಜಾಗದಲ್ಲಿ ಒಂದೊಂದು ಗೀಟು ಎಳೆಯುತ್ತದೆ. ಹೆಸರು ಕಲಸುಮೇಲೋಗರವಾಗಿದ್ದರೆ ಕೂತು ಬಿಡಿಸಬಹುದಿತ್ತು, ಅಂಥದ್ದನ್ನು ಎಷ್ಟೋ ಬಿಡಿಸಿದ್ದೇನೆ. ಗೀಟನ್ನು ಬಿಡಿಸುವುದು ಹೇಗೆ? ಅದರೊಳಗೆ ಏನೂ ಇಲ್ಲ.

ಹೆಸರು ಹೋದರೆ ಹೋಗಲಿ, ದನಿ ಎಲ್ಲಿ ಹೋಯಿತು ಎಂದು ತಲೆ ಕೆಡಿಸಿಕೊಂಡು, ಮೇಡಂ ಪಟ್ಟಿಯಲ್ಲಿದ್ದ ಹತ್ತೂ ರೋಗಿಗಳ ಹೆಸರುಗಳನ್ನು ಯಂತ್ರ ಎಣಿಸುವ ಹಾಗೆ ಎಣಿಸಿದೆ. ಅಕ್ಕ: ಅ, ಕ, ಒತ್ತಿನ ಮೊದಲು ಬರುವ ಸ್ವರ ಕೀಳುವ ಚಿಹ್ನೆ, ಇನ್ನೊಂದು ಕ. ಒಟ್ಟು ನಾಲ್ಕು. ಆ ಚಿಹ್ನೆಗೆ ಹಾಗೆನ್ನುತ್ತಾರೆ ಎಂದು ನನಗೆ ಮೊದಲಿಂದಲೂ ಗೊತ್ತು, ಇವತ್ತು ಮಾತ್ರ ಬರೆದು ಪೆನ್ನು ಕೆಳಗಿಟ್ಟು, ಆಮೇಲೆ ಮುಂದುವರಿಸಿದೆ. ಅಮ್ಮ, ನಾಲ್ಕು. ಅಪ್ಪ, ಅಣ್ಣ, ಅಜ್ಜ, ತಮ್ಮ, ಎಲ್ಲವೂ ನಾಲ್ಕು. ತಂಗಿಯಾದರೂ ಬೇರೆ ಇರುತ್ತಾಳೆ ಎಂದುಕೊಂಡರೆ ತ, ಸೊನ್ನೆ, ಗ, ಗುಡಿಸು, ಅವಳೂ ನಾಲ್ಕು. ಮಗಳಿಗೆ ಒತ್ತೂ ಇಲ್ಲ ಸೊನ್ನೆಯೂ ಇಲ್ಲ, ಆದರೂ ಕೊಂಬು ಸೇರಿ ನಾಲ್ಕೇ. ಇಡೀ ಸಂಸಾರ ಒಂದೇ ಅಳತೆಗೆ ಹೊಲಿಸಿಕೊಂಡು ಬಂದ ಹಾಗಿದೆ. ಐದು ಗೀಟಿನವಳು ಅಜ್ಜಿ. ಚಿಕ್ಕಪ್ಪ ಒಬ್ಬ ಮಾತ್ರ ಎಂಟು ಗೀಟು ಹಾಸಿಕೊಂಡು ಆರಾಮಾಗಿ ಮಲಗಿದ್ದಾನೆ.

ಹೀಗಾಗಿ ಎಂಟು ಜನರ ದನಿ ಒಂದೇ ಹೆಸರಿನಲ್ಲಿ, ಒಂದರ ಮೇಲೊಂದು. ಪ್ರೋಗ್ರಾಮು ಸುಳ್ಳು ಹೇಳಿರಲಿಲ್ಲ, ದಿನಾ ಎಲ್ಲವನ್ನೂ ನಕಲು ಮಾಡುತ್ತಿತ್ತು. ಒಂದೇ ಕುರ್ಚಿಯಲ್ಲಿ ಎಂಟು ಜನರನ್ನು ಸರದಿಯ ಪ್ರಕಾರ ಕೂರಿಸಿ ಎಬ್ಬಿಸುತ್ತಿತ್ತು. ಕೊನೆಗೆ ಕೂತವಳು ಮಗಳು. ಅವಳು ಮಾತ್ರ ಉಳಿದಳು.

ಬ್ಯಾಕಪ್ ಹಾಕಿದ ದಿನ ನಾನು ಪರೀಕ್ಷೆ ಮಾಡಿದ್ದು ಇಂಗ್ಲಿಷ್ ಹೆಸರಿನ ಫೈಲುಗಳಿಂದ.

ಫೆಬ್ರವರಿ ೨೬, ಗುರುವಾರ

ನಿನ್ನೆಯೆಲ್ಲಾ ಜೀವ ಹೋಗಿ ಬಂದಹಾಗಿತ್ತು. ಆ ಪ್ರೋಗ್ರಾಮು ಫೈಲು ಬದಲಾದಾಗ ಹಳೆಯ ಪ್ರತಿಗಳನ್ನೂ ಒಂದಷ್ಟು ಇಟ್ಟುಕೊಂಡಿರುತ್ತದೆ ಎಂದು ಥಟ್ಟನೆ ನೆನಪಾಯಿತು. ಹುಡುಕಿದೆ. ಸಿಕ್ಕವು! ನಾಲ್ಕು ಗೀಟಿನ ಹಿಂದೆ ಐದು ಹಳೆಯ ಪ್ರತಿ. ಪ್ರೋಗ್ರಾಮಿನ ಲೆಕ್ಕದಲ್ಲಿ ತಮ್ಮ ಎಂದರೆ ಮಗಳ ಹಳೆಯ ಪ್ರತಿ, ತಂಗಿ ಎಂದರೆ ತಮ್ಮನ ಹಳೆಯ ಪ್ರತಿ. ಒಂದೊಂದಾಗಿ ಹೊರಗೆ ತೆಗೆದೆ. ತಮ್ಮ, ತಂಗಿ, ಅಮ್ಮ, ಅಪ್ಪ, ಅಣ್ಣ. ಒಬ್ಬೊಬ್ಬರೂ 'ಕಿಟಕಿ ಮುಚ್ಚಿ' ಎನ್ನುವಾಗ ಮುಂದಿನವಳು ಅಕ್ಕ, ಮುಂದಿನವಳು ಅಕ್ಕ ಎಂದುಕೊಂಡೆ.

ಅಣ್ಣನ ಹಿಂದೆ ಏನೂ ಇರಲಿಲ್ಲ. ಐದಕ್ಕಿಂತ ಹಳೆಯದನ್ನು ಅದು ಅಳಿಸಿಹಾಕುತ್ತದೆ.

ಫೈಲುಗಳನ್ನು ಅದು ನಕಲು ಮಾಡುವುದು ವರ್ಣಮಾಲೆಯ ಕ್ರಮದಲ್ಲಿ. ಅಕ್ಕ, ಅಜ್ಜ, ಅಣ್ಣ, ಅಪ್ಪ, ಅಮ್ಮ. ಕ ಮೊದಲು, ಆಮೇಲೆ ಜ, ಆಮೇಲೆ ಣ. ದಿನಾ ಸಂಜೆ ಎಲ್ಲರಿಗಿಂತ ಮೊದಲು ಒಳಗೆ ಹೋಗುತ್ತಿದ್ದವಳು ಅಕ್ಕ, ಎಲ್ಲರಿಗಿಂತ ಮೊದಲು ಅಳಿಸಿಹೋಗುತ್ತಿದ್ದವಳೂ ಅವಳೇ. ಅಜ್ಜನಿಗೆ ಇನ್ನೂ ಆಪರೇಷನ್ ಆಗಿಲ್ಲ, ಅವರು ಇನ್ನೊಮ್ಮೆ ಓದಬಹುದು.

ಸತ್ತ ಡಿಸ್ಕನ್ನು ರಿಪೇರಿಯವನ ಹತ್ತಿರ ಒಯ್ದೆ. ಬಿಚ್ಚಿ ತೋರಿಸಿದ. ಒಳಗಿನ ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು. ತಲೆ ಅಲ್ಲಾಡಿಸಿದ. ಅಕ್ಕನ ಧ್ವನಿ ಸಂದೇಶಗಳಿದ್ದ ನನ್ನ ಫೋನನ್ನೂ ಸ್ಪೀಚ್ ಮೇಡಂ ಅವರಿಗೆ ಕೊಟ್ಟೆ. ಎಲ್ಲದರಲ್ಲೂ ಈಜುಕೊಳದ ಗದ್ದಲವೇ ತುಂಬಿದೆ, ಇಷ್ಟರಿಂದ ಯಂತ್ರಕ್ಕೆ ದನಿ ಕಟ್ಟಲಾಗುವುದಿಲ್ಲ ಎಂದು ತುಂಬಾ ಮೆಲ್ಲಗೆ ಹೇಳಿದರು. ಅಕ್ಕನಿಗೆ ನಾನು ಹೇಳಲೇ ಎಂದರು. ಬೇಡ, ನಾನೇ ಹೇಳುತ್ತೇನೆ ಎಂದೆ. ಯಾಕಾದರೂ ಹಾಗೆಂದೆನೋ.

ಫೆಬ್ರವರಿ ೨೭, ಶುಕ್ರವಾರ

ಪ್ರೋಗ್ರಾಮು ಸರಿಮಾಡಿದೆ. ಯಾವುದೋ ಮೂಲೆಯಲ್ಲಿ ಹೆಸರುಗಳ ಲಿಪಿ ಎಂಬುದೊಂದು ಆಯ್ಕೆ ಇತ್ತು, ಅದನ್ನು ಯೂನಿಕೋಡ್‌ಗೆ ತಿರುಗಿಸಿದರೆ ಮುಗಿಯಿತು. ಖಾಲಿ ಫೈಲುಗಳಿಗೆ ಅಕ್ಕ, ಅಮ್ಮ, ಅಪ್ಪ ಎಂದು ಹೆಸರಿಟ್ಟು ಪರೀಕ್ಷಿಸಿದೆ. ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ಸಾಲಾಗಿ ನಿಂತರು. ಒಂದು ಕ್ಲಿಕ್ಕಿನ ಕೆಲಸ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ, ನಿಜವಾಗಿಯೂ ಹೊಡೆದುಕೊಂಡೆ.

ಮಾರ್ಚ್ ೨, ಸೋಮವಾರ

ಅಕ್ಕ ಮನೆಗೆ ಬಂದಳು. ಮೂಗಿನ ನಳಿಕೆ ತೆಗೆದಿದ್ದಾರೆ, ಮೆತ್ತಗಿನದು ನುಂಗಬಹುದು. ಆಫೀಸ್ ಮುಗಿಸಿ ನೇರವಾಗಿ ಅಲ್ಲಿಗೇ ಹೋಗುತ್ತೇನೆ. ಕತ್ತಿನ ತೂತನ್ನು ಶುಚಿ ಮಾಡುವುದು ಭಾವನಿಂದ ಆಗುವುದಿಲ್ಲ, ಕಣ್ಣು ಕತ್ತಲೆ ಬರುತ್ತದೆ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಇವತ್ತು ಮೊದಲ ಸಲ ಸರಿಯಾಗಿ ನೋಡಿದೆ. ತುಟಿ ಒತ್ತಿ ಹಿಡಿದ ಹಾಗೆ ಅಂಚು ಕೆಂಪಗಿದೆ. ಒದ್ದೆ ಬಟ್ಟೆ ಮುಟ್ಟಿಸಿದ ತಕ್ಷಣ ಕೆಮ್ಮು ಬಂತು, ನನ್ನ ಮುಖಕ್ಕೇ ಬಂತು. ಹೆಗಲು ಕುಣಿಸಿ ನಕ್ಕಳು. ಹಲಗೆಯಲ್ಲಿ 'ಸೇಡು' ಎಂದು ಬರೆದಳು.

ಇವತ್ತು ಹೇಳಲಾಗಲಿಲ್ಲ.

ಮಾರ್ಚ್ ೫, ಗುರುವಾರ

ಇವತ್ತೂ ಹೇಳಲಿಲ್ಲ. ಯಂತ್ರ ಯಾವಾಗ ಬರುತ್ತದೆ ಎಂದು ಭಾವ ಕೇಳಿದರು. ಬರುತ್ತದೆ, ಸ್ವಲ್ಪ ಕೆಲಸ ಬಾಕಿಯಿದೆ ಎಂದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

ಸೂಪಿಗೆ ಉಪ್ಪು ಕಮ್ಮಿ ಎಂದಳು. ಈಗ ಉಸಿರು ಮೂಗಿನಿಂದ ಹೋಗದೆ ವಾಸನೆ ಗೊತ್ತಾಗುವುದಿಲ್ಲವಾದ್ದರಿಂದ ಎಲ್ಲವೂ ಸಪ್ಪೆ ಅನಿಸುತ್ತದೆಯಂತೆ. ಹಾಕುತ್ತಾ ಹೋದರೆ ಉಪ್ಪಿನ ಡಬ್ಬಿಯೇ ಖಾಲಿಯಾದೀತು ಎಂದೆ. ನಿನ್ನ ಅಡುಗೆಗೆ ಮೂಗಿಲ್ಲದೇ ಇರೋದೇ ವಾಸಿ ಎಂದಳು.

ಮಾರ್ಚ್ ೮, ಭಾನುವಾರ

ಇಡೀ ದಿನ ಅಲ್ಲೇ ಇದ್ದೆ. ಈಜುಕೊಳದಲ್ಲಿ ಅವಳ ಜಾಗಕ್ಕೆ ಬಂದವನ ಬಗ್ಗೆ ಒಂದು ತಾಸು ಬೈದಳು. ಅವನು ಮಕ್ಕಳಿಗೆ ಮೊದಲು ಕೈ ಕಲಿಸುತ್ತಾನಂತೆ, ಮೊದಲು ಕಲಿಸಬೇಕಾದ್ದು ಕಾಲಂತೆ. ನನಗೆ ಎರಡೂ ಬಾರದು ಎಂದು ಅವಳಿಗೆ ಗೊತ್ತಿದ್ದರೂ ನನ್ನನ್ನು ಸೋಫಾ ಮೇಲೆ ಬೋರಲು ಮಲಗಿಸಿ ಕಾಲು ಬಡಿಸಿದಳು. ಭಾವ ಪೇಪರಿನ ಮರೆಯಲ್ಲಿ ನಗುತ್ತಿದ್ದರು.

ನಾಳೆ ಹೇಳಿಯೇ ತೀರಬೇಕು. ಅವಳ ಹತ್ತಿರ ಉಳಿದಿದ್ದುದು ಅದೊಂದೇ. ಬರೆಯುವ ಹಲಗೆ ಬೇರೆ ಎಲ್ಲೋ ಸೇರಿಕೊಂಡಿದೆ, ಮೂರ್ನಾಲ್ಕು ದಿನದಿಂದ ಕಂಡಿಲ್ಲ, ಹುಡುಕಬೇಕು.

ಮಾರ್ಚ್ ೯, ಸೋಮವಾರ

ಹೇಳಿದೆ.

ಕತ್ತು ಶುಚಿ ಮಾಡಿ ಬಟ್ಟೆ ಕಟ್ಟಿದ ಮೇಲೆ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಡಿಸ್ಕ್, ಗೀಟು, ಐದು ಪ್ರತಿ, ವರ್ಣಮಾಲೆ. ಮುಗಿಸಿ ತಲೆಯೆತ್ತಿದಾಗ ಅವಳ ಕೈ ಕತ್ತಿನ ಬಟ್ಟೆಯ ಮೇಲಿತ್ತು.

"ಅಕ್ಕ ಅಂತ ಬರೆದಿದ್ದಕ್ಕೆ ಹೋಯ್ತಾ?" ಅಂದಳು.

ಹೌದು ಎಂದೆ. ಬೇರೆ ಏನಾದರೂ ಬರೆದಿದ್ದರೆ ಉಳಿಯುತ್ತಿತ್ತೇನೋ ಎಂದೆ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಬೈಯುತ್ತಾಳೆ ಎಂದು ಕಾದೆ, ಬೈಯಲೂ ಇಲ್ಲ. "ಅದು ಬರುತ್ತೆ ಅಂತ ನಾನು ದಿನಾ ಕಾಯ್ತಿದ್ದೆ. ನೀನು ಈಗ ಹೋಗು" ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು. ಬೆನ್ನು ಅದುರುತ್ತಿತ್ತು. ಅವಳು ಅತ್ತರೆ ಬೀದಿಗೇ ಕೇಳಿಸುತ್ತಿತ್ತು ಮೊದಲು.

ಮಾರ್ಚ್ ೧೦, ಮಂಗಳವಾರ

ಹೋಗಲಿಲ್ಲ. ಹೋಗಲು ಭಯ.

ಮಾರ್ಚ್ ೧೨, ಗುರುವಾರ

ಆಫೀಸಿನಲ್ಲಿರುವಾಗ ಭಾವ ಫೋನ್ ಮಾಡಿದರು. "ಬೆಳಿಗ್ಗೆಯಿಂದ ಏನೋ ಹೇಳ್ತಿದಾಳಮ್ಮ, ನನಗೊಂದೂ ಗೊತ್ತಾಗ್ತಿಲ್ಲ. ಬರೆಯೋದಿಲ್ಲ ಅಂತ ಹಟ. ನೀನೇ ಬಂದು ಕೇಳು" ಎಂದರು. ಅವರ ದನಿ ಒಡೆದಿತ್ತು. ಏನಾಯಿತೋ ಎಂದು ಟ್ಯಾಕ್ಸಿ ಹಿಡಿದು ಓಡಿದೆ.

ಏನೂ ಆಗಿರಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕತ್ತಿಗೆ ಕಟ್ಟುವ ಬಟ್ಟೆಯನ್ನು ಇವರು ಪಾತ್ರೆ ಒರೆಸುವ ಬಟ್ಟೆಯ ಜೊತೆ ಒಗೆಯಲು ಹಾಕಿದ್ದಾರೆ, ನನ್ನನ್ನು ಕೊಲ್ಲಬೇಕು ಅಂತಿದಾರಾ ಕೇಳು ಎಂದಳು. ಕೇಳಿದೆ. ಭಾವ ಅಷ್ಟೇನಾ ಎಂದು ಕುರ್ಚಿಯಲ್ಲಿ ಕುಸಿದು ಕೂತರು. ಈ ಭಾವ ಮನಸ್ಸಿಟ್ಟು ಕೇಳುವುದೇ ಇಲ್ಲ. ಮೊದಲಿಂದಲೂ ಅಷ್ಟೇ, ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ.

ಎರಡು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ನನ್ನನ್ನು ಕೇಳಿದಳು. ಹೆದರಿಕೆಯಾಯಿತು ಎಂದೆ. ಗೊತ್ತು ಎಂದಳು. ದನಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಮಾರ್ಚ್ ೧೬, ಸೋಮವಾರ

ಸ್ಪೀಚ್ ಮೇಡಂ ಮನೆಗೇ ಬಂದಿದ್ದರು. ಒಡಹುಟ್ಟಿದವರ ದನಿಯಲ್ಲಿ ಒಂದು ಹೋಲಿಕೆ ಇರುತ್ತದೆ, ತಂಗಿ ಓದಿದರೆ ಯಂತ್ರಕ್ಕೆ ಆ ದನಿ ಹಾಕಬಹುದು, ಈಜುಕೊಳದ ತುಣುಕುಗಳಿಂದ ಅಕ್ಕನ ಏರಿಳಿತವನ್ನೂ ಒಂದಿಷ್ಟು ಸೇರಿಸಬಹುದು ಎಂದರು. ನನ್ನ ದನಿ ನನಗೇ ಹಿಡಿಸುವುದಿಲ್ಲ, ಅದನ್ನು ಅವಳ ಬಾಯಿಗೆ ತುರುಕುವುದೇ?

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ, "ಈ ಪುಕ್ಕಲಿ ದನಿಯಲ್ಲಿ ಗದರಿದ್ರೆ ಒಂದು ಮಗುನೂ ನೀರಿಗಿಳಿಯಲ್ಲ" ಅಂದಳು. ಮೇಡಂ ನನ್ನ ಮುಖ ನೋಡಿದರು. ಅವಳು ಹೇಳಿದ್ದನ್ನು ಹೇಳಿದೆ. ಅವರು ನಕ್ಕರು. ಮಕ್ಕಳ ಮುಂದೆ ನಿಲ್ಲಬೇಕಲ್ಲ, ಆಗಲಿ, ಓದಿಸಿ ಎಂದಳು ಅಕ್ಕ. ಅದನ್ನೂ ಹೇಳಿದೆ.

ಮಾರ್ಚ್ ೨೦, ಶುಕ್ರವಾರ

ಓದಿ ಬಂದೆ. ಗಂಟಲು ಉರಿಯುತ್ತಿದೆ.

ಆ ಕೋಣೆಯೊಳಗೆ ಒಬ್ಬಳೇ ಕೂರಬೇಕು. ದಪ್ಪ ಗಾಜಿನ ಆಚೆ ಸ್ಪೀಚ್ ಮೇಡಂ, ಅವರ ಪಕ್ಕದಲ್ಲಿ ಅಕ್ಕ. ಕೆಂಪು ದೀಪ ಹತ್ತಿತು. ಬಾಯಿ ತೆರೆದೆ, ದನಿ ಹೊರಡಲಿಲ್ಲ. ನಾನು ತಪ್ಪಾಗಿ ಓದಿದರೆ ಅವಳು ಜೀವಮಾನವಿಡೀ ಹಾಗೇ ಮಾತಾಡಬೇಕು. ಇನ್ನೊಮ್ಮೆ ತೆರೆದೆ, ಬರೀ ಗಾಳಿ ಬಂತು. ಎದ್ದು ಓಡಿಹೋಗೋಣ ಎಂದು ಕುರ್ಚಿ ಹಿಂದಕ್ಕೆ ತಳ್ಳಿದ್ದೆ.

ಆಗ ಅಕ್ಕ ಎದ್ದು ಗಾಜಿನ ಹತ್ತಿರ ಬಂದು, ಸೊಂಟಕ್ಕೆ ಕೈಯಿಟ್ಟುಕೊಂಡು ಕೂಗಿದಳು. "ಭುಜ ಇಳಿಸು. ಉಸಿರು ಪೂರ್ತಿ ಬಿಡು, ಆಮೇಲೆ ತಗೋ. ಮುಳುಗಲ್ಲ ನೀನು, ನಾನಿಲ್ಲೇ ಇದ್ದೀನಿ."

ಸರಿ, ಸರಿ ಎಂದೆ. ಭುಜ ಇಳಿಸಿ ಓದಿದೆ. ನಾನು ಎಲ್ಲಿ ದನಿ ತಗ್ಗಿಸಿದರೂ ಅವಳು ಬಿಡಲಿಲ್ಲ, ಜೋರಾಗಿ, ಇನ್ನೂ ಜೋರಾಗಿ ಎಂದು ಕೊನೆಯ ವಾಕ್ಯದವರೆಗೂ ಕೂಗುತ್ತಲೇ ಇದ್ದಳು.

ಹೊರಗೆ ಬಂದಾಗ ಮೇಡಂ, ಒಳಗೆ ಯಾರಿಗೆ ಸರಿ ಸರಿ ಎನ್ನುತ್ತಿದ್ದಿರಿ, ಆ ಗಾಜು ಒಂದು ಚೂರೂ ಶಬ್ದ ಬಿಡುವುದಿಲ್ಲವಲ್ಲ ಎಂದರು. ಬಿಡುತ್ತದೆ. ಅಕ್ಕ ಹೇಳಿದ್ದು ನನಗೆ ಒಂದು ಅಕ್ಷರವೂ ಬಿಡದೆ ಕೇಳಿಸಿತು. ಅವಳ ಕೂಗು ರೆಕಾರ್ಡಿಂಗ್‌ನಲ್ಲೂ ಸೇರಿಕೊಂಡಿರುತ್ತದೆ, ಸೋಮವಾರ ಬೇಗ ಹೋಗಿ ಅಲ್ಲಲ್ಲಿ ಕತ್ತರಿಸಿ ತೆಗೆಯಬೇಕು.